ವಲಸೆ ಬಂದವರು ಗೆದ್ದ ಕಪ್

1959ರ ನವೆಂಬರ್ ಕೊನೆಯ ವಾರ ಕನೆಕ್ಟಿಕಟ್ ರಾಜ್ಯದ ಸ್ಟೋರ್ಸ್ ಎಂಬ ಪುಟ್ಟ ಊರಿನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಹುಡುಗರು ಬ್ರಿಜ್‌ಪೋರ್ಟ್ ತಂಡವನ್ನು 5–2ರಿಂದ ಸೋಲಿಸಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನೆಲ್ಲ ಆಳುವ ಎನ್‌ಸಿಎಎ ಸಂಸ್ಥೆ ನಡೆಸಿದ ಮೊದಲ ಪುರುಷರ ಸಾಕರ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅದು. ಕಣದಲ್ಲಿದ್ದದ್ದು ಎಂಟೇ ತಂಡ. ಗೆದ್ದವರಿಗೆ ವಿಶ್ವವಿದ್ಯಾಲಯದ ಅಧಿಕೃತ ತಂಡವಾಗಿ ಅದು ಮೊದಲ ವರ್ಷ. ಹಿಂದಿನ ವರ್ಷ ಅವರು ಬರೀ ಕ್ಲಬ್ ಆಗಿ ಆಡಿದ್ದರು. ಮೊದಲ ಹೆಜ್ಜೆಯಲ್ಲೇ ಕಿರೀಟ ಸಿಕ್ಕಿದ್ದು ಅದೃಷ್ಟವಲ್ಲ. ಆ ಹುಡುಗರ ಬೆನ್ನಿಗೆ ಒಂದು ಊರೇ ಇತ್ತು.

ಅದಕ್ಕೂ ಮುಂಚೆ ಕಾಲೇಜು ಸಾಕರ್‌ನ ಚಾಂಪಿಯನ್ ಯಾರು ಎಂಬುದನ್ನು ಮೈದಾನದಲ್ಲಿ ತೀರ್ಮಾನಿಸುತ್ತಿರಲಿಲ್ಲ. ಋತು ಮುಗಿದ ಮೇಲೆ ಸಂಘದ ಹಿರಿಯರು ಸೋಲು-ಗೆಲುವಿನ ಲೆಕ್ಕ ನೋಡಿ ಒಂದು ತಂಡದ ಹೆಸರು ಹೇಳುತ್ತಿದ್ದರು, ಕೆಲವು ವರ್ಷ ಎರಡೋ ಮೂರೋ ಹೆಸರು. ಪೂರ್ವ ಕರಾವಳಿಯ ಕಾಲೇಜುಗಳಿಗೆ ಈ ಪದ್ಧತಿ ಹಿತವಾಗಿತ್ತು, ಪಶ್ಚಿಮದವರು ಏನು ಆಡುತ್ತಾರೆ ಎಂದು ನೋಡುವ ಕಷ್ಟವೇ ಇರಲಿಲ್ಲ. 1950ರ ಹೊಸ ವರ್ಷದ ದಿನ ಸೇಂಟ್ ಲೂಯಿಸ್ ನಗರದಲ್ಲಿ ‘ಸಾಕರ್ ಬೌಲ್’ ಎಂಬ ಪಂದ್ಯ ಏರ್ಪಡಿಸಿ ಪೂರ್ವದ ಪೆನ್ ಸ್ಟೇಟ್ ಮತ್ತು ಪಶ್ಚಿಮದ ಸ್ಯಾನ್ ಫ್ರಾನ್ಸಿಸ್ಕೊ ತಂಡಗಳನ್ನು ಎದುರುಬದುರು ನಿಲ್ಲಿಸಿದಾಗ ಆಟ 2–2ರಲ್ಲಿ ಸಮವಾಯಿತು. ಪಶ್ಚಿಮದವರೂ ಆಡಬಲ್ಲರು ಎಂದು ಹಿರಿಯರಿಗೆ ಗೊತ್ತಾಗಲು ಅಷ್ಟು ಸಾಕಾಗಿತ್ತು. ಬೌಲ್ ಮಾತ್ರ ಎರಡು ಮೂರು ವರ್ಷದಲ್ಲಿ ನಿಂತುಹೋಯಿತು.

ಈ ಪಂದ್ಯಾವಳಿಯ ಆರು ದಶಕಗಳನ್ನು ಒಟ್ಟಿಗೆ ನೋಡಿದಾಗ ನನಗೆ ಕಾಣುವುದು ಒಂದೇ ಎಳೆ. ಇದನ್ನು ಗೆದ್ದವರು, ಗೆಲ್ಲಿಸಿದವರು ಬಹುಪಾಲು ಬೇರೆಲ್ಲಿಂದಲೋ ಬಂದವರು ಅಥವಾ ಅಂಥವರ ಮಕ್ಕಳು. ಸಂಸ್ಥೆಗೆ ಆ ಸಂಗತಿ ಅರಗಲು ಬಹಳ ಕಾಲ ಹಿಡಿಯಿತು. ಕೆಲವೊಮ್ಮೆ ಅರಗಲೇ ಇಲ್ಲ.

ಮಿಸಿಸಿಪ್ಪಿ ದಂಡೆಯ ಸೇಂಟ್ ಲೂಯಿಸ್‌ನಿಂದಲೇ ಶುರುಮಾಡೋಣ. ಇಟಲಿ, ಐರ್ಲೆಂಡ್, ಜರ್ಮನಿ, ಸ್ಪೇನ್‌ಗಳಿಂದ ಬಂದ ಕ್ಯಾಥೊಲಿಕ್ ಕುಟುಂಬಗಳು ತುಂಬಿದ್ದ ಊರು ಅದು. ಚರ್ಚಿಗೊಂದು ತಂಡ, ಬೀದಿಗೊಂದು ತಂಡ. ಕ್ಯಾಥೊಲಿಕ್ ಯುವ ಮಂಡಳಿಯ ಲೀಗುಗಳಲ್ಲಿ ಪುಟ್ಟ ಹುಡುಗರಿಂದ ಹಿಡಿದು ಆಡುತ್ತಿದ್ದರು. ಆ ಲೀಗುಗಳನ್ನು ನಡೆಸುತ್ತಿದ್ದ ಬಾಬ್ ಗೆಲ್ಕರ್ ಅವರೇ ವಿಶ್ವವಿದ್ಯಾಲಯಕ್ಕೆ ತರಬೇತುದಾರರಾಗಿ ಬಂದರು. ಹಾಗಾಗಿ ಆಟಗಾರರನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ, ಹತ್ತು ವರ್ಷದಿಂದ ಕಣ್ಣೆದುರಿಗೇ ಬೆಳೆದಿದ್ದರು. ಇನ್ನೊಂದು ಅನುಕೂಲವೂ ಇತ್ತು. ಈ ಜೆಸ್ಯೂಟ್ ವಿಶ್ವವಿದ್ಯಾಲಯ ಖರ್ಚು ತಾಳಲಾರದ ಅಮೆರಿಕನ್ ಫುಟ್‌ಬಾಲನ್ನು 1949ರಲ್ಲೇ ಕೈಬಿಟ್ಟಿತ್ತು. ಶರತ್ಕಾಲದ ಮೈದಾನ ಖಾಲಿ ಬಿದ್ದಿತ್ತು.

1959, 1960, 1962, 1963, 1965 — ಗೆಲ್ಕರ್ ಕಾಲದ ಐದು ಪ್ರಶಸ್ತಿ. ಅವರು 1967ರಲ್ಲಿ ನದಿ ದಾಟಿ ಇಲಿನಾಯ್ ಕಡೆಯ ಎಡ್ವರ್ಡ್ಸ್‌ವಿಲ್ ಕಾಲೇಜಿಗೆ ಹೋದರು. ಜಾಗಕ್ಕೆ ಬಂದವರು ಹ್ಯಾರಿ ಕಿಯೊ. ಕಿಯೊ ಮನೆಮನೆಗೆ ಪತ್ರ ಹಂಚುವ ಅಂಚೆಯವರು. ಜತೆಗೆ 1950ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಬೆಲೊ ಹೊರಿಜೊಂಟೆಯಲ್ಲಿ ಇಂಗ್ಲೆಂಡನ್ನು 1–0ರಿಂದ ಸೋಲಿಸಿ ಜಗತ್ತನ್ನೇ ಬೆರಗುಗೊಳಿಸಿದ ಅಮೆರಿಕ ತಂಡದ ಡಿಫೆಂಡರ್. ಆ ಹನ್ನೊಂದು ಜನರಲ್ಲಿ ಐವರು ಸೇಂಟ್ ಲೂಯಿಸ್‌ನವರು, ಅವರಲ್ಲಿ ನಾಲ್ವರು ‘ದ ಹಿಲ್’ ಎಂಬ ಇಟಾಲಿಯನ್ ಬಡಾವಣೆಯವರು. ತಂಡದ ಕೋಚ್ ಬಿಲ್ ಜೆಫ್ರಿ ಸ್ಕಾಟ್ಲೆಂಡಿನಿಂದ ಬಂದವರು; ವರ್ಷದ ಮೊದಲ ದಿನ ಸಾಕರ್ ಬೌಲ್‌ಗೆ ಪೆನ್ ಸ್ಟೇಟ್ ತಂಡವನ್ನು ಕರೆತಂದವರೂ ಅವರೇ. (ಭಾರತ ಅರ್ಹತೆ ಪಡೆದೂ ಹೋಗದೆ ಉಳಿದದ್ದು ಇದೇ ವಿಶ್ವಕಪ್‌ಗೆ. ಹೋಗಿದ್ದರೆ ಏನಾಗುತ್ತಿತ್ತು ಎಂಬ ಹರಟೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ.) ಕಿಯೊ ಕೈಯಲ್ಲೂ ಐದು ಪ್ರಶಸ್ತಿ ಬಂದವು: 1967, 1969, 1970, 1972, 1973. ಒಟ್ಟು ಹತ್ತು. ಇಂದಿಗೂ ಯಾರೂ ಮುರಿಯದ ದಾಖಲೆ.

ಉಳಿದ ಅರವತ್ತರ ದಶಕವನ್ನು ಬೇಗ ದಾಟಬಹುದು. 1961ರಲ್ಲಿ ಪೆನ್ಸಿಲ್ವೇನಿಯದ ವೆಸ್ಟ್ ಚೆಸ್ಟರ್ ಎಂಬ ಶಿಕ್ಷಕರ ಕಾಲೇಜು ಸೇಂಟ್ ಲೂಯಿಸ್ ತಂಡವನ್ನು ಅದರ ಊರಿನಲ್ಲೇ 2–0ರಿಂದ ಮಣಿಸಿತು. ಆ ತಂಡದಲ್ಲಿದ್ದ ಜೆರಿ ಯೇಗ್ಲಿ ಎಂಬ ಆಟಗಾರನ ಹೆಸರು ಮುಂದೆ ಮತ್ತೆ ಬರುತ್ತದೆ. 1964ರಲ್ಲಿ ನೌಕಾ ಅಕಾಡೆಮಿ ಗೆದ್ದಿತು. 1967ರ ಫೈನಲ್ ಗೋಲಿಲ್ಲದೆ ಹವಾಮಾನ ಕೆಟ್ಟು ನಿಂತಿತು, ಮಿಷಿಗನ್ ಸ್ಟೇಟ್ ಮತ್ತು ಸೇಂಟ್ ಲೂಯಿಸ್ ಕಪ್ ಹಂಚಿಕೊಂಡವು. ಮರುವರ್ಷವೂ ಮಿಷಿಗನ್ ಸ್ಟೇಟ್ ಮೇರಿಲ್ಯಾಂಡ್ ಜತೆ 2–2ರಲ್ಲಿ ಸಮಮಾಡಿಕೊಂಡು ಮತ್ತೆ ಅರ್ಧ ಕಪ್ ಹಿಡಿದು ಮನೆಗೆ ಹೋಯಿತು. ಎರಡು ಸಲವೂ ಸೋಲದೆ, ಎರಡು ಸಲವೂ ಪೂರ್ತಿ ಗೆಲ್ಲದೆ ಹೋದ ಆ ತಂಡದ ಬಗ್ಗೆ ನನಗೊಂದು ಮರುಕವಿದೆ.

ಈಗ ನಿಂತು ಮಾತಾಡಬೇಕಾದ ಅಧ್ಯಾಯ. ರಾಜಧಾನಿ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯ ಗುಲಾಮಗಿರಿ ಅಳಿದ ಹೊಸತರಲ್ಲಿ, 1867ರಲ್ಲಿ, ಹುಟ್ಟಿದ್ದು. ಕಪ್ಪು ಅಮೆರಿಕನ್ನರ ಉನ್ನತ ಶಿಕ್ಷಣದ ದೊಡ್ಡ ಹೆಸರು. ಆಫ್ರಿಕ ಮತ್ತು ಕೆರಿಬಿಯನ್ ದೇಶಗಳಿಂದ ಓದಲು ಬರುವವರಿಗೂ ಅದು ಸಹಜವಾದ ವಿಳಾಸವಾಗಿತ್ತು. 1970ರಲ್ಲಿ ಅದರ ಸಾಕರ್ ತಂಡದ ಕೋಚ್ ಆದವರು ಲಿಂಕನ್ ಫಿಲಿಪ್ಸ್, ಟ್ರಿನಿಡಾಡ್ ಮತ್ತು ಟೊಬಾಗೊ ರಾಷ್ಟ್ರೀಯ ತಂಡದ ಗೋಲ್‌ಕೀಪರ್ ಆಗಿದ್ದವರು. ಟ್ರಿನಿಡಾಡ್, ಜಮೈಕ, ಬರ್ಮುಡ, ನೈಜೀರಿಯ ಮುಂತಾದ ಕಡೆಗಳ ಹುಡುಗರನ್ನು ಅವರು ಒಂದು ತಂಡವಾಗಿ ಹೆಣೆದರು. ಒಬ್ಬೊಬ್ಬನದು ಒಂದೊಂದು ಶೈಲಿ, ಚೆಂಡು ಕಾಲಿಗೆ ಸಿಕ್ಕರೆ ಬಿಡದ ಗುಣ ಎಲ್ಲರದೂ. 1971ರ ಫೈನಲ್ ಮಯಾಮಿಯ ಆರೆಂಜ್ ಬೌಲ್‌ನಲ್ಲಿ ನಡೆಯಿತು. ಎದುರಾಳಿ ಸೇಂಟ್ ಲೂಯಿಸ್. ಹೊವಾರ್ಡ್ 3–2ರಿಂದ ಗೆದ್ದಿತು. ಐತಿಹಾಸಿಕವಾಗಿ ಕಪ್ಪು ಜನರ ಶಿಕ್ಷಣಸಂಸ್ಥೆಯೊಂದು ಎನ್‌ಸಿಎಎ ಉನ್ನತ ವಿಭಾಗದ ಯಾವುದೇ ಕ್ರೀಡೆಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ಗೆಲುವಿನ ಸಿಹಿ ಬಾಯಲ್ಲಿರುವಾಗಲೇ ತನಿಖೆ ಬಂತು. ಕೆಲವು ಆಟಗಾರರು ಅರ್ಹರಲ್ಲ ಎಂದು ಎನ್‌ಸಿಎಎ 1973ರ ಆರಂಭದಲ್ಲಿ ತೀರ್ಪಿತ್ತು. ಪ್ರಶಸ್ತಿ ರದ್ದು, ಆ ವರ್ಷದ ಪಂದ್ಯಾವಳಿಗೂ ಪ್ರವೇಶವಿಲ್ಲ. ಆರೋಪಗಳಲ್ಲಿ ಮೂರು ನಿಯಮಗಳಿದ್ದವು. ಕಾಲೇಜಿಗೆ ಸೇರಿದ ಐದು ವರ್ಷದೊಳಗೆ ಆಟ ಮುಗಿಸಬೇಕೆಂಬುದು ಒಂದು, ಓದಿನಲ್ಲಿ ಇಂತಿಷ್ಟು ಅಂಕದ ನಿರೀಕ್ಷೆ ಇರಬೇಕೆಂಬುದು ಇನ್ನೊಂದು. ಮೂರನೆಯದೇ ಕುತೂಹಲದ್ದು. ವಿದೇಶೀಯನೊಬ್ಬ ಹತ್ತೊಂಬತ್ತು ತುಂಬಿದ ಮೇಲೆ ತನ್ನ ದೇಶದಲ್ಲಿ ಆಡಿದ ಪ್ರತಿ ವರ್ಷಕ್ಕೂ ಅಮೆರಿಕದಲ್ಲಿ ಆಡುವ ಅವನ ಹಕ್ಕಿನಿಂದ ಒಂದು ವರ್ಷ ಕಳೆಯತಕ್ಕದ್ದು. ಅಮೆರಿಕದ ಹುಡುಗ ಅದೇ ವಯಸ್ಸಿನಲ್ಲಿ ತನ್ನೂರಿನ ಹವ್ಯಾಸಿ ಲೀಗಿನಲ್ಲಿ ಆಡಿದರೆ ಏನೂ ಕಳೆಯುವುದಿಲ್ಲ! ಟ್ರಿನಿಡಾಡ್‌ನ ಓಣಿಯಲ್ಲಿ ಆಡಿದ್ದು ಅನುಭವ, ಸೇಂಟ್ ಲೂಯಿಸ್ ಓಣಿಯಲ್ಲಿ ಆಡಿದ್ದು ಬಾಲ್ಯ — ನಿಯಮದ ತರ್ಕ ಹೆಚ್ಚುಕಡಿಮೆ ಇಷ್ಟೇ.

ಹೊವಾರ್ಡ್ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋಯಿತು. ಜಿಲ್ಲಾ ನ್ಯಾಯಾಧೀಶ ಗೆರ್ಹಾರ್ಡ್ ಗೆಸೆಲ್ ಈ ವಿದೇಶಿ ವಿದ್ಯಾರ್ಥಿ ನಿಯಮ ಸಂವಿಧಾನದ ಸಮಾನತೆಯ ತತ್ವಕ್ಕೆ ವಿರುದ್ಧವೆಂದು ತಳ್ಳಿಹಾಕಿದರು, 1975ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಉಳಿದೆರಡು ನಿಯಮಗಳು ಸಿಂಧುವೆಂದಾದ್ದರಿಂದ ಶಿಕ್ಷೆ ಉಳಿಯಿತು. ಕಪ್ ಮರಳಲಿಲ್ಲ. ಕಾನೂನಿನ ಪಾಲು ಗೆದ್ದು ಆಟದ ಪಾಲು ಕಳೆದುಕೊಂಡದ್ದು ವಿಚಿತ್ರ ಫಲಿತಾಂಶ; ಆದರೂ ಮುಂದೆ ಈ ಪಂದ್ಯಾವಳಿಗೆ ಬಂದ ಪ್ರತಿಯೊಬ್ಬ ಪರದೇಶದ ಆಟಗಾರನ ಹಿಂದೆ ಆ ಮೊಕದ್ದಮೆಯ ಋಣವಿದೆ ಎಂದು ನಾನು ನಂಬುತ್ತೇನೆ.

ನಿಷೇಧ ಮುಗಿದ ಮೊದಲ ಋತು 1974. ಹೊವಾರ್ಡ್ ಆಡಿದ ಹತ್ತೊಂಬತ್ತು ಪಂದ್ಯಗಳನ್ನೂ ಗೆದ್ದಿತು. ಫೈನಲ್ ನಡೆದದ್ದು ಸೇಂಟ್ ಲೂಯಿಸ್ ನಗರದ ಬುಷ್ ಸ್ಟೇಡಿಯಮ್‌ನಲ್ಲಿ. ಎದುರಿಗೆ ಮತ್ತೆ ಸೇಂಟ್ ಲೂಯಿಸ್ ತಂಡ, ಅದೂ ಸತತ ಮೂರನೇ ಪ್ರಶಸ್ತಿಗೆ ಕಾದಿದ್ದ ತಂಡ, ತನ್ನ ಜನರ ನಡುವೆ. 1–1ರಲ್ಲಿ ನಿಂತ ಆಟ ಹೆಚ್ಚುವರಿ ಅವಧಿಗೆ ಹೋಯಿತು. ನಾಲ್ಕನೇ ಹೆಚ್ಚುವರಿ ಅವಧಿಯಲ್ಲಿ ಹೊವಾರ್ಡ್ ಗೋಲು ಬಿತ್ತು. ಈ ಸಲ ಯಾರೂ ಕಪ್ ಕಿತ್ತುಕೊಳ್ಳಲಿಲ್ಲ. ಸೇಂಟ್ ಲೂಯಿಸ್ ಅಲ್ಲಿಂದೀಚೆಗೆ ಇನ್ನೊಂದು ಫೈನಲ್ ಕಂಡಿಲ್ಲ. ಎನ್‌ಸಿಎಎ ದಾಖಲೆಗಳಲ್ಲಿ 1971ರ ಪ್ರಶಸ್ತಿ ಇವತ್ತಿಗೂ ‘ರದ್ದಾಗಿದೆ’ ಎಂದೇ ಇದೆ. ಆ ಸಂಜೆ ಆರೆಂಜ್ ಬೌಲ್‌ನಲ್ಲಿದ್ದವರ ಕಣ್ಣೆದುರು ಬಿದ್ದ ಮೂರು ಗೋಲುಗಳನ್ನು ಯಾವ ಸಮಿತಿ ಅಳಿಸೀತು, ಹೇಳಿ?

ಹೊವಾರ್ಡ್ ತೋರಿಸಿದ ದಾರಿ ಇನ್ನೊಬ್ಬರಿಗೆ ಹೊಸದಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಸ್ಟೀವ್ ನೆಗೊಯೆಸ್ಕೊ ನ್ಯೂಜೆರ್ಸಿಯಲ್ಲಿ ಹುಟ್ಟಿ ರೊಮೇನಿಯದಲ್ಲಿ ಬೆಳೆದು, ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಮರಳಿದವರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ಆಡಿ, 1962ರಿಂದ 2000ದವರೆಗೆ ಅಲ್ಲೇ ತರಬೇತಿ ಕೊಟ್ಟರು. ಬಂದರು ಪಟ್ಟಣದ ವಲಸೆ ಕುಟುಂಬಗಳ ಹುಡುಗರು, ನಾನಾ ದೇಶಗಳ ವಿದ್ಯಾರ್ಥಿಗಳು ಸೇರಿದ ಅವರ ತಂಡ 1966, 1975, 1976, 1980ರಲ್ಲಿ ಗೆದ್ದಿತು. 1978ರಲ್ಲೂ ಗೆದ್ದಿತ್ತು, ಅನರ್ಹ ಆಟಗಾರನ ಕಾರಣಕ್ಕೆ ಅದೂ ರದ್ದಾಯಿತು. ಹೀಗೆ ದಾಖಲೆಯಲ್ಲಿ ಎರಡು ಗೈರುಹಾಜರಿಗಳು. ಈ ವಿಶ್ವವಿದ್ಯಾಲಯವೂ 1951ರ ನಂತರ ಅಮೆರಿಕನ್ ಫುಟ್‌ಬಾಲ್ ಬಿಟ್ಟಿತ್ತು. ಬಿಡುವ ಮೊದಲ ಆ ಕೊನೆಯ ತಂಡ ಒಂದೂ ಪಂದ್ಯ ಸೋಲದೆಯೂ ದೊಡ್ಡ ಬೌಲ್ ಪಂದ್ಯದ ಆಹ್ವಾನ ಕಳೆದುಕೊಂಡಿತ್ತು; ತಂಡದ ಇಬ್ಬರು ಕಪ್ಪು ಆಟಗಾರರನ್ನು ಬಿಟ್ಟು ಬರಲು ಉಳಿದವರು ಒಪ್ಪಿರಲಿಲ್ಲ. ಆ ಕ್ಯಾಂಪಸ್ಸಿನ ನೆನಪಿನಲ್ಲಿ ಈ ಎರಡು ಸಂಗತಿಗಳು ಅಕ್ಕಪಕ್ಕದಲ್ಲೇ ಇರಬೇಕು.

ದಕ್ಷಿಣದಲ್ಲಿ ಸೌತ್ ಕ್ಯಾರೊಲಿನದ ಕ್ಲೆಮ್ಸನ್. ಅಮೆರಿಕನ್ ಫುಟ್‌ಬಾಲೇ ಧರ್ಮವಾಗಿರುವ ಊರು. ಅಲ್ಲಿ 1967ರಲ್ಲಿ ಸಾಕರ್ ಶುರುಮಾಡಿದವರು ಹೈಫಾದಲ್ಲಿ ಹುಟ್ಟಿದ, ರಸಾಯನಶಾಸ್ತ್ರ ಓದಲು ಬಂದಿದ್ದ ಐ. ಎಂ. ಇಬ್ರಾಹಿಂ. ಗಯಾನ, ನೈಜೀರಿಯಗಳಿಂದ ಆಟಗಾರರನ್ನು ಕರೆತಂದು ತಂಡ ಕಟ್ಟಿದರು. 1979ರ ಫೈನಲ್‌ನಲ್ಲಿ ಅವರಿಗೆ ಎದುರಾದದ್ದು ಎಡ್ವರ್ಡ್ಸ್‌ವಿಲ್, ನಮ್ಮ ಗೆಲ್ಕರ್ ಅವರ ಹೊಸ ತಂಡ. 3–2. ಗೆಲ್ಕರ್ ಅವರಿಗೆ ಆರನೇ ಪ್ರಶಸ್ತಿ ಸಿಕ್ಕಿತು, ಅದೇ ಹಳೆಯ ಸೇಂಟ್ ಲೂಯಿಸ್ ಕೇರಿಗಳ ಹುಡುಗರಿಂದ. ಇಬ್ರಾಹಿಂ 1984ರಲ್ಲಿ ಸಿಯಾಟಲ್‌ನಲ್ಲಿ, 1987ರಲ್ಲಿ ತಮ್ಮ ಮೈದಾನದಲ್ಲೇ ಕಪ್ ಎತ್ತಿದರು. 1977ರಲ್ಲಿ ನ್ಯೂಯಾರ್ಕ್ ರಾಜ್ಯದ ಹಾರ್ಟ್‌ವಿಕ್ ಎಂಬ ಪುಟ್ಟ ಕಾಲೇಜು ಗೆದ್ದದ್ದು, 1981ರಲ್ಲಿ ಅಲಬಾಮ ಎ ಅಂಡ್ ಎಂ ಎಂಬ ಇನ್ನೊಂದು ಕಪ್ಪು ಶಿಕ್ಷಣಸಂಸ್ಥೆ ಫೈನಲ್ ತಲುಪಿ ಹೆಚ್ಚುವರಿ ಅವಧಿಯಲ್ಲಿ ಕನೆಕ್ಟಿಕಟ್‌ಗೆ ಸೋತದ್ದು, ಇವೂ ಈ ಕಾಲದವೇ. ಚಿಕ್ಕವರಿಗೆ ಬಾಗಿಲು ತೆರೆದಿದ್ದ ಕಾಲ ಅದು.

ಈಗ ಯೇಗ್ಲಿ. ವೆಸ್ಟ್ ಚೆಸ್ಟರ್‌ನಲ್ಲಿ ಆಟಗಾರನಾಗಿ ಗೆದ್ದ ಅವರು 1963ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಸಾಕರ್ ಬರೀ ಕ್ಲಬ್. ಅಧಿಕೃತ ತಂಡದ ಮಾನ್ಯತೆ ಸಿಗಲು ಹತ್ತು ವರ್ಷ ಕಾದರು. 1973ರಲ್ಲಿ ಮಾನ್ಯತೆ ಬಂತು, ಮೂರೇ ವರ್ಷದಲ್ಲಿ ಫೈನಲ್ ಬಂತು. ಆದರೆ 1976, 1978, 1980, ಮೂರೂ ಫೈನಲ್‌ಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎದುರು ಸೋಲು. 1982ರಲ್ಲಿ ಫ್ಲಾರಿಡದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಡ್ಯೂಕ್ ವಿರುದ್ಧ ಆಟ 1–1ರಲ್ಲಿ ನಿಂತು, ಒಂದಾದ ಮೇಲೊಂದರಂತೆ ಎಂಟು ಹೆಚ್ಚುವರಿ ಅವಧಿಗಳಿಗೆ ಎಳೆಯಿತು. ಕೊನೆಗೂ ಗ್ರೆಗ್ ಥಾಂಪ್ಸನ್ ಎಂಬ ಡಿಫೆಂಡರ್ ತನ್ನ ಎರಡನೇ ಗೋಲು ಹೊಡೆದು ಮುಗಿಸಿದಾಗ ಗಡಿಯಾರ ನೂರೈವತ್ತೊಂಬತ್ತು ನಿಮಿಷ ದಾಟಿತ್ತು. ಮೂರು ವರ್ಷದ ಮೇಲೆ ಸಿಯಾಟಲ್‌ನ ಕಿಂಗ್‌ಡೋಮ್ ಒಳಾಂಗಣದಲ್ಲಿ ಯುಸಿಎಲ್‌ಎ ಮತ್ತು ಅಮೆರಿಕನ್ ವಿಶ್ವವಿದ್ಯಾಲಯದ ನಡುವಿನ ಫೈನಲ್ ನೂರರವತ್ತಾರು ನಿಮಿಷ ನಡೆಯಿತು, ಇಡೀ ಆಟಕ್ಕೆ ಒಂದೇ ಗೋಲು. ಪೆನಾಲ್ಟಿ ಒದೆತದಿಂದ ತೀರ್ಮಾನಿಸುವ ಪದ್ಧತಿ ಫೈನಲ್‌ಗೆ ಆಗಿನ್ನೂ ಬಂದಿರಲಿಲ್ಲ. ಕಾಲು ಸೋಲುವವರೆಗೆ ಆಡು, ಇಲ್ಲವೇ ಕಪ್ ಹಂಚಿಕೋ. 1989ರಲ್ಲಿ ಕೊರೆಯುವ ಚಳಿಯ ನ್ಯೂಜೆರ್ಸಿಯಲ್ಲಿ ಸಾಂಟಾ ಕ್ಲಾರ ಮತ್ತು ವರ್ಜೀನಿಯ 1–1ಕ್ಕೆ ನಿಂತು ಹಂಚಿಕೊಂಡದ್ದು ಅಂಥ ಕೊನೆಯ ಫೈನಲ್. ಮರುವರ್ಷವೇ ಯುಸಿಎಲ್‌ಎ ಪೆನಾಲ್ಟಿಯಲ್ಲಿ ರಟ್ಗರ್ಸನ್ನು ಸೋಲಿಸಿತು. ಹಳೆಯ ಪದ್ಧತಿಯೇ ಮೇಲು ಎನ್ನುವವರ ಗುಂಪಿನವನು ನಾನು, ವೈದ್ಯರು ಒಪ್ಪಲಿಕ್ಕಿಲ್ಲ.

ಯೇಗ್ಲಿ ಒಟ್ಟು ಆರು ಪ್ರಶಸ್ತಿ ಗಳಿಸಿದರು. ಕೊನೆಯದು 2003ರಲ್ಲಿ, ನಿವೃತ್ತಿಗೆ ಮುಂಚಿನ ಕೊನೇ ಪಂದ್ಯದಲ್ಲಿ. ಮಗ ಟಾಡ್ 1994ರ ಫೈನಲ್‌ನಲ್ಲಿ ಇಂಡಿಯಾನದ ಆಟಗಾರನಾಗಿ ಸೋತಿದ್ದವನು, 2012ರಲ್ಲಿ ಕೋಚ್ ಆಗಿ ಗೆದ್ದ. ಇಂಡಿಯಾನದ ಎಂಟು ಪ್ರಶಸ್ತಿಗಳ ಪೈಕಿ ಏಳು ಒಂದೇ ಮನೆಗೆ ಸೇರಿದವು.

1994ರಲ್ಲಿ ಟಾಡ್ ತಂಡವನ್ನು ಸೋಲಿಸಿದ್ದು ವರ್ಜೀನಿಯ. 1991ರಿಂದ ಸತತ ನಾಲ್ಕನೇ ಕಪ್. ಹಿಂದೆ ಯಾರೂ ಮಾಡಿರಲಿಲ್ಲ, ಮುಂದೆಯೂ ಮಾಡಿಲ್ಲ. ಕೋಚ್ ಬ್ರೂಸ್ ಅರೀನಾ. ಅರ್ಜೆಂಟೀನದ ತಂದೆಯ ಮಗ ಕ್ಲಾಡಿಯೊ ರೇನಾ ಮೊದಲ ಮೂರು ಕಪ್‌ಗಳಲ್ಲಿ ಮಧ್ಯಮೈದಾನದ ಒಡೆಯ. ಆ ತಂಡವನ್ನು ನೋಡಿದವರು ಇಂದಿಗೂ ಹೇಳುವುದು ಅವರ ಸಾವಧಾನದ ಬಗ್ಗೆ, ಅವಸರವಿಲ್ಲದ ಪಾಸುಗಳ ಬಗ್ಗೆ. ವೃತ್ತಿಪರ ಲೀಗ್ ಎಂಎಲ್‌ಎಸ್ 1996ರಲ್ಲಿ ಶುರುವಾದಾಗ ಅರೀನಾ ಡಿ.ಸಿ. ಯುನೈಟೆಡ್‌ಗೆ ಹೋಗಿ ಮೊದಲೆರಡು ಕಪ್ ಗೆದ್ದರು. 2002ರ ವಿಶ್ವಕಪ್‌ನಲ್ಲಿ ಅವರೇ ಕೋಚ್, ರೇನಾ ನಾಯಕ. ಅಮೆರಿಕ ಕ್ವಾರ್ಟರ್‌ಫೈನಲ್ ತಲುಪಿತು. ಯುಸಿಎಲ್‌ಎಗೆ ಮೂರು ಪ್ರಶಸ್ತಿ ತಂದ ಸಿಗಿ ಷ್ಮಿಡ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಹುಟ್ಟಿದವರು, ಮೇರಿಲ್ಯಾಂಡ್‌ಗೆ ಮೂರು ತಂದ ಸಾಶೊ ಚಿರೊವ್‌ಸ್ಕಿ ಮ್ಯಾಸೆಡೋನಿಯದವರು. ಪಟ್ಟಿ ಉದ್ದವಿದೆ, ಇಲ್ಲಿ ಸಾಕುಮಾಡುತ್ತೇನೆ.

ಎಂಟು ತಂಡಗಳ ಕೂಟ ಬೆಳೆಬೆಳೆದು 2001ರ ಹೊತ್ತಿಗೆ ನಲವತ್ತೆಂಟು ತಂಡಗಳದಾಯಿತು. ಹದಿನಾರು ಶ್ರೇಯಾಂಕಿತರಿಗೆ ಮೊದಲ ಸುತ್ತಿನ ವಿನಾಯಿತಿ. ಕೊನೆಯ ನಾಲ್ವರು ಸೇರುವ ವಾರಾಂತ್ಯಕ್ಕೆ ‘ಕಾಲೇಜ್ ಕಪ್’ ಎಂಬ ಹೆಸರು. ಇತ್ತೀಚೆಗೆ ಅದು ಹೆಚ್ಚಾಗಿ ನಡೆಯುವುದು ನಾರ್ತ್ ಕ್ಯಾರೊಲಿನದ ಕ್ಯಾರಿ ಊರಿನಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದ ಭಾರತೀಯರು ನೆಲೆಸಿ, ವೆಂಕಟೇಶ್ವರನ ಗುಡಿಯನ್ನೂ ಕಟ್ಟಿಕೊಂಡಿರುವ ಊರು ಅದೇ. ಡಿಸೆಂಬರ್‌ನ ಆ ಚಳಿಗೆ ಗ್ಯಾಲರಿಯಲ್ಲಿ ಕೂರುವವರು ಗಟ್ಟಿ ಜನ.

ವೃತ್ತಿಪರ ಕ್ಲಬ್ಬುಗಳು ತಮ್ಮದೇ ಅಕಾಡೆಮಿ ತೆರೆದು ಹದಿನಾರು-ಹದಿನೇಳರ ಹುಡುಗರನ್ನು ಸೆಳೆಯತೊಡಗಿದ ಮೇಲೆ ಕಾಲೇಜು ಸಾಕರ್ ಕಾಲ ಮುಗಿಯಿತು ಎಂದವರು ಬಹಳ. 2015ರಲ್ಲಿ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಯಾಗಿದ್ದುಕೊಂಡೇ ಜೋರ್ಡನ್ ಮಾರಿಸ್ ರಾಷ್ಟ್ರೀಯ ತಂಡಕ್ಕೆ ಆಡಿ ಮೆಕ್ಸಿಕೊ ಮೇಲೆ ಗೋಲು ಹೊಡೆದ. ವರ್ಷದ ಕೊನೆಗೆ ಕ್ಲೆಮ್ಸನ್ ವಿರುದ್ಧದ ಫೈನಲ್‌ನಲ್ಲಿ ಎರಡು ಗೋಲು ಹೊಡೆದು 4–0ರ ಗೆಲುವು ತಂದ. ಸ್ಟ್ಯಾನ್‌ಫೋರ್ಡ್ ಮೂರು ವರ್ಷ ಸತತ ಗೆದ್ದಿತು, ಮೂರು ಕಾಲೇಜ್ ಕಪ್‌ಗಳಲ್ಲಿ ಒಂದೂ ಗೋಲು ಬಿಟ್ಟುಕೊಡದೆ. ಆದರೆ ಮಾರಿಸ್‌ನಂಥವರು ವಿರಳವಾದರು ಎಂಬುದು ನಿಜ. ಅವರು ಬಿಟ್ಟ ಜಾಗಕ್ಕೆ ಬಂದವರು ಯುರೋಪಿನ, ದಕ್ಷಿಣ ಅಮೆರಿಕದ ಹುಡುಗರು. ತಮ್ಮ ದೇಶದ ಕ್ಲಬ್ಬುಗಳಲ್ಲಿ ಮೇಲಕ್ಕೇರಲಾಗದೆ, ಆಟ ಬಿಡಲೂ ಮನಸ್ಸಿಲ್ಲದೆ, ಓದೂ ಆಗಲಿ ಎಂದು ಬಂದವರು.

ಅವರು ಸೇರಿದ್ದು ದೊಡ್ಡ ಹೆಸರುಗಳಿಗೇ ಅಲ್ಲ. ಕೋವಿಡ್‌ನಿಂದ ಮುಂದೂಡಿ 2021ರ ಮೇ ತಿಂಗಳಲ್ಲಿ, ಮೂವತ್ತಾರು ತಂಡಗಳೊಂದಿಗೆ ಮುಗಿದ 2020ರ ಪಂದ್ಯಾವಳಿಯಲ್ಲಿ ವೆಸ್ಟ್ ವರ್ಜೀನಿಯದ ಮಾರ್ಷಲ್ ವಿಶ್ವವಿದ್ಯಾಲಯ ಅಗ್ರ ಶ್ರೇಯಾಂಕದ ಕ್ಲೆಮ್ಸನ್ನನ್ನೂ ಹಿಂದಿನ ಚಾಂಪಿಯನ್ ಜಾರ್ಜ್‌ಟೌನನ್ನೂ ದಾಟಿ ಫೈನಲ್‌ನಲ್ಲಿ ಇಂಡಿಯಾನವನ್ನು ಹೆಚ್ಚುವರಿ ಅವಧಿಯಲ್ಲಿ ಸೋಲಿಸಿತು. ಇಂಗ್ಲೆಂಡಿನ ಕೋಚ್ ಕ್ರಿಸ್ ಗ್ರಾಸಿ, ಇಂಗ್ಲೆಂಡಿನದೇ ಜಮಿಲ್ ರಾಬರ್ಟ್ಸ್ ಹೊಡೆದ ಒಂದು ಗೋಲು. ಮಾರ್ಷಲ್ ಎಂದರೆ ಅಮೆರಿಕದಲ್ಲಿ ಮೊದಲು ನೆನಪಾಗುತ್ತಿದ್ದದ್ದು 1970ರ ವಿಮಾನ ದುರಂತ. ಅಮೆರಿಕನ್ ಫುಟ್‌ಬಾಲ್ ತಂಡ ಸೇರಿ ಎಪ್ಪತ್ತೈದು ಜನ ಸತ್ತಿದ್ದರು. ಹಂಟಿಂಗ್ಟನ್ ಊರಿಗೆ ಐವತ್ತು ವರ್ಷದ ಮೇಲೆ ಬೇರೊಂದು ಸುದ್ದಿ ಬಂತು. ವಿದೇಶೀಯರೇ ತುಂಬಿದ ತಂಡ ಎಂಬ ಗೊಣಗಾಟ ಆಗಲೂ ಕೇಳಿತು. ಊರಿನವರು ಮಾತ್ರ ಆ ಹುಡುಗರನ್ನು ತಮ್ಮವರೆಂದರು.

ಅದೇ ಮಾರ್ಷಲ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಕ್ಯಾರಿಗೆ ಫೈನಲ್ ಆಡಲು ಬಂದಾಗ ಎದುರಿಗಿದ್ದದ್ದು ವರ್ಮಾಂಟ್, ಶ್ರೇಯಾಂಕವೇ ಇಲ್ಲದ ತಂಡ. ಹಿಮದ ರಾಜ್ಯ, ಸ್ಕೀಯಿಂಗ್‌ಗೆ ಹೆಸರಾದ ವಿಶ್ವವಿದ್ಯಾಲಯ. ಅಮೆರಿಕನ್ ಫುಟ್‌ಬಾಲನ್ನು ಅದೂ 1974ರಲ್ಲೇ ಬಿಟ್ಟಿತ್ತು. ಮಾರ್ಷಲ್ ಮೊದಲು ಗೋಲು ಹೊಡೆಯಿತು. ಆಟ ಮುಗಿಯಲು ಹತ್ತು ನಿಮಿಷದಷ್ಟು ಉಳಿದಿರುವಾಗ ಹಂಗೇರಿಯ ಮಾರ್ಸೆಲ್ ಪಾಪ್ ಸಮ ಮಾಡಿದ. ಹೆಚ್ಚುವರಿ ಅವಧಿಯ ಐದನೇ ನಿಮಿಷದಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ಕಿಸೆಲ್, ಕೆಳ ವಿಭಾಗದ ಕಾಲೇಜೊಂದರಿಂದ ವರ್ಗವಾಗಿ ಬಂದಿದ್ದ ಮುಂಪಡೆ ಆಟಗಾರ, ಮುಂದೆ ನುಗ್ಗಿಬಂದ ಗೋಲ್‌ಕೀಪರ್‌ನನ್ನು ದಾಟಿ ಖಾಲಿ ಬಲೆಗೆ ಚೆಂಡು ತಳ್ಳಿದ. 2–1.